ಸೆನೆಟರ್ ಸಾಹೇಬರ ಮನೆ ಇದೇ ಏನ್ರಿ?

ಮೊನ್ನೆ ಅಂಗಡಿಯಲ್ಲಿ ಕುಳಿತು ರೇಡಿಯೋ ಕೇಳುತ್ತಿದ್ದೆ. ವಾರ್ತೆ ಓದುವವರು "ಅಮೆರಿಕದ ಸೆನೆಟರ್ ಒಬ್ಬರು ಇಂದು ದೆಹಲಿಗೆ ಆಗಮಿಸಿದರು" ಅಂದರು ನೋಡಿ, ನಾನು ಗಾದಿಯ ಮೇಲಿಂದ ಥಟ್ಟನೆ ಎದ್ದು ನಿಂತುಬಿಟ್ಟೆ. ಎದುರಿಗೆ ಕುಬಸದ ಬಟ್ಟೆ ಆರಿಸುತ್ತಿದ್ದ ಹೆಣ್ಣುಮಗಳು ಗಾಬರಿಯಾಗಿ ಹಿಂದೆ ಸರಿದಳು.

"ಏನಾತ್ರೀ ಕಾಕಾ?"

"ಏನಿಲ್ಲವ್ವಾ. ಯಾರೋ ನನ್ನ ಕರದಂಗಾತು."

ನಗಬೇಡಿ. ಒಂದು ಕಾಲದಲ್ಲಿ ಆ ಹೆಸರಿನಿಂದ ನನ್ನನ್ನು ಅಷ್ಟು ಜನ ಕರೆದಿದ್ದಾರೆ. ಬಸವಕಲ್ಯಾಣದ ಬಜಾರಿನಲ್ಲಿ ನನ್ನದು ಬಟ್ಟೆ ಅಂಗಡಿ, ಅಪ್ಪನ ಕಾಲದ್ದು. ಓದಿದ್ದು ಮೆಟ್ರಿಕ್ಕಿನ ತನಕ, ಅದರಲ್ಲೂ ಗಣಿತದಲ್ಲಿ ನಪಾಸು. ಇಂಥವನಿಗೂ ಸೆನೆಟ್ಟಿಗೂ ಎಲ್ಲಿಯ ನಂಟು ಎಂದು ನೀವು ಕೇಳಬೇಕು. ಸೆನೆಟರ್ ಆದವಳು ನನ್ನ ಹೆಂಡತಿ. ಹಾಗೆಂದು ಕರೆಸಿಕೊಂಡವನು ನಾನು.

ಶಬ್ದಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಥರದ ಮೋಹ. ಹುಡುಗನಾಗಿದ್ದಾಗ ನಮ್ಮದು ನಿಜಾಮರ ರಾಜ್ಯ. ಶಾಲೆಯಲ್ಲಿ ಕಲಿತದ್ದು ಉರ್ದು, ಮನೆಯಲ್ಲಿ ಆಡಿದ್ದು ಕನ್ನಡ, ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮರಾಠಿ. ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಗಳ ಬೋರ್ಡುಗಳು ಒಂದೊಂದಾಗಿ ಬದಲಾದವು. ಡಾಕಖಾನೆ ಇದ್ದದ್ದು ಅಂಚೆ ಕಚೇರಿಯಾಯಿತು. ದವಾಖಾನೆಯ ಮೇಲೆ ‘ಆಸ್ಪತ್ರೆ’ ಎಂದು ದಪ್ಪ ಅಕ್ಷರದಲ್ಲಿ ಬರೆದರು. ಜನ ಮಾತ್ರ ದವಾಖಾನೆಗೇ ಹೋಗಿ ಗುಣವಾಗಿ ಬಂದರು. ಮೀಸೆ ಚಿಗುರಿದ ವಯಸ್ಸಿನಲ್ಲಿ ನಾನು ಸೈಕಲ್ ನಿಲ್ಲಿಸಿ ನಿಲ್ಲಿಸಿ ಆ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ಕನ್ನಡ ಓದು ಕುದುರಿದ್ದು ಹಾಗೆ. ಹಳೆಯ ಶಬ್ದದ ಜಾಗದಲ್ಲಿ ಹೊಸದು ಬಂದರೆ ಗುರುತು ಹಿಡಿಯುವುದು ಕಷ್ಟವಲ್ಲ, ಜಾಗ ಗೊತ್ತಿರುತ್ತದೆ. ಆದರೆ ‘ಸೆನೆಟರ್’ ಎಂಬುದು ಬಂದಾಗ ನಮ್ಮ ಊರಲ್ಲಿ ಅದಕ್ಕೆ ಹಳೆಯ ಜಾಗವೇ ಇರಲಿಲ್ಲ. ಯಾರು ಎಲ್ಲಿ ಬೇಕೋ ಅಲ್ಲಿ ಅದನ್ನು ಕೂರಿಸಿದರು.

ನನ್ನ ಹೆಂಡತಿ ಶಾರದಾ ಹುಮನಾಬಾದಿನವಳು. ಅವಳ ತಂದೆ ವೀರಭದ್ರಪ್ಪ ಮಾಸ್ತರರು ಅಲ್ಲಿಯ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಮದುವೆಯ ಮಾತುಕತೆಯಲ್ಲಿ ಅವರು ಇಟ್ಟ ಶರತ್ತು ಒಂದೇ: ಹುಡುಗಿ ಬಿ.ಎ. ಮುಗಿಸಬೇಕು. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ, ಶುಲ್ಕ ಕಟ್ಟಿ, ಪರೀಕ್ಷೆಗೆ ಮಾತ್ರ ಹೋಗಿ ಕೂರುವ ಅವಕಾಶ ಹೆಂಗಸರಿಗಿತ್ತು. ಪರೀಕ್ಷೆ ಮಾತ್ರ ಗುಲಬರ್ಗಾದಲ್ಲಿ. ಅಲ್ಲಿ ನಮ್ಮ ನೆಂಟರೊಬ್ಬರ ಮನೆಯಲ್ಲಿ ಇಳಿದು, ಅವಳು ಒಳಗೆ ಬರೆಯುವಾಗ ನಾನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಪಾಸಾದಳು. ನನಗೆ ಪಿತ್ತವಾಯಿತು. ಆಮೇಲೆ ಅವಳು ನಮ್ಮೂರ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದಳು, ಊರಿಗೆಲ್ಲ ‘ಶಾರದಾ ಬಾಯೋರು’ ಆದಳು.

ಎಲ್ಲರಿಗೂ ಗುಲಬರ್ಗಾದಲ್ಲಿ ನೆಂಟರಿರುವುದಿಲ್ಲ. ಎಲ್ಲರ ಗಂಡಂದಿರಿಗೂ ಅಂಗಡಿ ಮುಚ್ಚಿ ಚಹಾ ಕುಡಿಯುವ ಪುರಸೊತ್ತೂ ಇರುವುದಿಲ್ಲ. ಇದು ನಮಗೆ ತಿಳಿದದ್ದು ಲಕ್ಷ್ಮೀಬಾಯಿಯಿಂದ.

ಲಕ್ಷ್ಮೀಬಾಯಿ ಶಾರದೆಯ ತವರಿನ ಓಣಿಯವಳು, ಅವಳಿಗಿಂತ ಚಿಕ್ಕವಳು. ಮಾಸ್ತರರ ಪಡಸಾಲೆಯಲ್ಲಿ ಕೂತು ಶಾರದೆಯಿಂದ ಇಂಗ್ಲಿಷ್ ಕಲಿತವಳು. ಹುಡಗಿ ಎಂಬ ಊರಿಗೆ, ಒಳ್ಳೆಯ ಒಕ್ಕಲುತನದ ಮನೆಗೆ ಸೊಸೆಯಾಗಿ ಹೋಗಿ, ಶಾರದೆಯ ಹಾಗೆಯೇ ಮನೆಯಲ್ಲಿ ಓದಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದಳು. ಒಂದು ಮಧ್ಯಾಹ್ನ ಸೀರೆ ಕೊಳ್ಳುವ ನೆಪ ಮಾಡಿಕೊಂಡು ನಮ್ಮ ಅಂಗಡಿಗೆ ಬಂದು, ಅಲ್ಲಿಂದ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಹೋಗಿ, ಶಾರದೆಯ ಮುಂದೆ ಕೂತು ಅತ್ತಳು.

"ಎರಡನೇ ಸಲ ಹೀಂಗಾತಕ್ಕಾ. ಫೀಸು ತುಂಬಿದ್ದೆ, ಹಾಲ್ ಟಿಕೆಟ್ ಬಂದಿತ್ತು, ಸೀರಿ ಮಡಿಚಿ ಚೀಲದಾಗ ಇಟ್ಟಿದ್ದೆ. ಅತ್ತಿ ಬಂದು ಬಾಗಲದಾಗ ಕೂತಳು. ಏಳಲೇ ಇಲ್ಲ."

"ಏನಂತಾರ ಅವ್ರು?" ಶಾರದಾ ಕೇಳಿದಳು.

"‘ಅಷ್ಟು ದಿನ ಪರಊರಾಗ ಯಾರ ಮನ್ಯಾಗ ಇರ್ತಿ, ಯಾರ ಕೈಯಾಗಿಂದು ಉಣ್ತಿ’ ಅಂತಾಳ. ನಮ್ಮವ್ರು ಅವ್ವನ ಮುಂದ ಬಾಯಿ ಬಿಡಂಗಿಲ್ಲ."

"ಹುಮನಾಬಾದಾಗ ಪರೀಕ್ಷಾ ಇದ್ರ?"

ಲಕ್ಷ್ಮೀಬಾಯಿ ಕಣ್ಣೊರೆಸಿಕೊಂಡಳು. "ಹುಮನಾಬಾದ ಸಂತೀಗೆ ಅತ್ತಿನೇ ವಾರಾ ವಾರಾ ಹೋಗ್ತಾಳ. ಅಲ್ಲಿದ್ರ ಏನಂತ ಅಡ್ಡ ಕೂಡ್ತಾಳಕ್ಕಾ?"

ಅಂದು ಶಾರದಾ ರಾತ್ರಿಯ ಊಟವನ್ನು ಅರ್ಧಕ್ಕೇ ಬಿಟ್ಟಳು. "ಹುಡುಗಿ ಫೇಲಾಗಿದ್ರ ನನಗ ಇಷ್ಟು ಸಂಕಟ ಆಗ್ತಿರಲಿಲ್ಲ" ಎಂದಷ್ಟೇ ಅಂದಳು.

ಇದಾದ ಕೆಲವೇ ದಿನಕ್ಕೆ ಮಾವನವರು ಹುಮನಾಬಾದಿನಿಂದ ಬಸ್ಸಿಳಿದು ಬಂದರು. ಅವರು ಬರುವ ರೀತಿಯೇ ಬೇರೆ. ಕೊಡೆ ಊರಿಕೊಂಡು, ನಿಧಾನಕ್ಕೆ, ದಾರಿಯಲ್ಲಿ ಸಿಕ್ಕವರ ಮಕ್ಕಳ ಓದು ವಿಚಾರಿಸಿಕೊಂಡು ಬರುವವರು. ಅಂದು ಮಾತ್ರ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತ ಬಂದರು. ನಾನು ಯಾರಿಗೋ ಏನೋ ಆಗಿದೆ ಎಂದು ಅಳತೆಯ ಗಜವನ್ನು ಕೈಯಲ್ಲೇ ಹಿಡಿದು ಹೊರಗೆ ಧಾವಿಸಿದೆ.

"ಅಳಿಯಂದ್ರ, ಸೆನೆಟ್ ಎಲೆಕ್ಷನ್ ಬಂದದ! ಪದವೀಧರರ ಸೀಟಿಗೆ ನಮ್ಮ ಕಡಿಯವ್ರು ಇಷ್ಟು ವರ್ಷದಾಗ ಒಬ್ರೂ ನಿಂತಿಲ್ಲ. ಶಾರದಾ ಎಲ್ಲಿ?"

ಶಾರದಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಪಕ್ಕದಲ್ಲಿ ನಮ್ಮ ಅವ್ವ ಕೂತಿದ್ದಳು. ಮಾವನವರು ಹೊಸ್ತಿಲಲ್ಲೇ ನಿಂತು ಸುದ್ದಿ ಹೇಳಿದರು. ಅವ್ವನಿಗೆ ಕೇಳಿಸಿದ್ದು ‘ಸೆನೆಟ್’ ಎಂಬ ಶಬ್ದದ ಮೊದಲ ಅರ್ಧ ಮಾತ್ರ.

"ಸೇನಾ? ನನ್ನ ಸೊಸೀಗೆ ಫೌಜಿಗೆ ಕಳಸ್ತೀರೇನ್ರಿ ಬೀಗರ?"

ಮಾವನವರು ಕೊಡೆ ಮೂಲೆಗಿಟ್ಟು, ಮಣೆ ಎಳೆದು ಕೂತು, ಪಾಠ ಹೇಳುವ ಧ್ವನಿ ತೆಗೆದರು. ಬಹಳ ಹಿಂದೆ ರೋಮ್ ಎಂಬ ಪಟ್ಟಣದಲ್ಲಿ ಊರಿನ ಹಿರಿಯರೆಲ್ಲ ಒಂದೆಡೆ ಸೇರಿ ರಾಜ್ಯದ ಒಳ್ಳೇದು ಕೆಟ್ಟದ್ದು ಮಾತಾಡುತ್ತಿದ್ದರಂತೆ. ಆ ಕೂಟಕ್ಕೆ ಸೆನೆಟ್ ಎಂದು ಹೆಸರು, ಅಲ್ಲಿ ಕೂರುವವನು ಸೆನೆಟರ್. ಅಮೆರಿಕದಲ್ಲಿ ಕಾನೂನು ಮಾಡುವ ದೊಡ್ಡ ಸಭೆಗೂ ಈಗ ಅದೇ ಹೆಸರು. ನಮ್ಮ ವಿಶ್ವವಿದ್ಯಾಲಯದವರು ತಮ್ಮ ಸಭೆಗೂ ಅದನ್ನೇ ಇಟ್ಟುಕೊಂಡಿದ್ದಾರೆ.

"ಆ ಶಬ್ದದ ಬೇರು ಹುಡಿಕಿದ್ರ ‘ಮುದುಕ’ ಅಂತ ಅರ್ಥ ಬರ್ತದ್ರಿ" ಎಂದು ಮಾವನವರು ಮುಗಿಸಿದರು.

ಅವ್ವ ಸೊಸೆಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಕಟ್ಟಿ ಮ್ಯಾಲ ಕೂಡೋ ಮುದುಕರ ಕೆಲಸ ಅನ್ರಿ ಹಂಗಾದ್ರ. ಇಕೀಗೆ ಇನ್ನೂ ಒಂದು ಕೂದಲಾ ಬೆಳ್ಳಗಾಗಿಲ್ಲ, ಹ್ಯಾಂಗ ತಗೋತಾರ?"

ಎಲ್ಲರೂ ನಕ್ಕೆವು. ಶಾರದಾ ನಗಲಿಲ್ಲ. ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೇಳಿದಳು: "ಅಪ್ಪಾ, ಪರೀಕ್ಷಾ ಎಲ್ಲಿ ಆಗಬೇಕು ಅನ್ನೂದೂ ಅಲ್ಲೇ ಮಾತಾಗ್ತದೇನು?"

"ಅಲ್ಲಿ ಠರಾವು ಪಾಸಾತು ಅಂದ್ರ ಮುಂದಿನವ್ರು ಕೇಳಲೇಬೇಕಾಗ್ತದವ್ವಾ."

"ಹಂಗಾದ್ರ ನಾ ನಿಲ್ತೀನಿ."

ತವೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಅದನ್ನು ನಾನೇ ತಿಂದೆ. ಆ ಸಂಭ್ರಮದಲ್ಲಿ ಅದು ಹೊತ್ತಿದ್ದು ನಾಲಗೆಗೆ ಗೊತ್ತಾಗಲಿಲ್ಲ.

ಮತದಾರರು ಎಂದರೆ ಹೆಸರು ನೋಂದಾಯಿಸಿಕೊಂಡ ಪದವೀಧರರು. ಮತಪತ್ರ ಅಂಚೆಯಲ್ಲಿ ಅವರ ಮನೆಗೇ ಬರುತ್ತದೆ, ಅವರು ಗುರುತು ಹಾಕಿ ಅಂಚೆಯಲ್ಲೇ ಕಳಿಸಬೇಕು. ಎದುರಿಗೆ ನಿಂತವರು ದೊಡ್ಡ ಊರಿನ ದೊಡ್ಡ ವಕೀಲರು, ಅವರಿಗೆ ಕಾರಿತ್ತು. ನಮಗಿದ್ದದ್ದು ನನ್ನ ಸೈಕಲ್ಲು ಮತ್ತು ಸರಕಾರಿ ಬಸ್ಸು. ಶಾಲೆಗೆ ರಜೆ ಇದ್ದ ದಿನವೆಲ್ಲ ನಾನು ಅಂಗಡಿ ಮುಚ್ಚಿದೆ. ನಮ್ಮ ಎರಡು ತಾಲೂಕಿನಲ್ಲಿ ಪದವೀಧರರನ್ನು ಹುಡುಕುವುದು ಎಂದರೆ ಏನೆಂದುಕೊಂಡಿರಿ! ಯಾವ ಊರಲ್ಲಿ ಯಾರು ಬಿ.ಎ. ಎಂದು ಅವರ ನೆರೆಮನೆಯವರಿಗೂ ಗೊತ್ತಿರುತ್ತಿರಲಿಲ್ಲ. ಮಾಣಿಕನಗರದಲ್ಲಿ ಒಬ್ಬ ಕಿರಾಣಿ ಅಂಗಡಿಯವರು ಬಿ.ಕಾಂ. ಎಂದು ತಿಳಿದಾಗ ಅವರ ಹೆಂಡತಿಗೇ ಆಶ್ಚರ್ಯವಾಗಿ, "ನಮ್ಮ ಮುಂದ ಒಮ್ಮೆನೂ ಹೇಳಿಲ್ಲ ನೋಡ್ರಿ" ಎಂದು ಅವರ ಮೇಲೆಯೇ ಸಿಟ್ಟಾದರು. ಬಿ.ಕಾಂ. ಓದಿ ಮಗನಿಗೆ ಗಣಿತ ಹೇಳಿಕೊಡದೆ ಕುಳಿತಿದ್ದರೆಂದು ಅವರ ತಕರಾರು. ಮತ ಸಿಕ್ಕಿತು, ಆದರೆ ಆ ಮನೆಯಲ್ಲಿ ಆ ದಿನ ಊಟ ಆಯಿತೋ ಇಲ್ಲವೋ ತಿಳಿಯದು.

ಮೋರಖಂಡಿಗೆ ಹೋದದ್ದು ಚೆನ್ನಾಗಿ ನೆನಪಿದೆ. ಸೈಕಲ್ಲಿನ ಹಿಂದೆ ಶಾರದಾ, ಮುಂದೆ ನಾನು, ಎದುರುಗಾಳಿ. ಅಲ್ಲಿಯ ಪದವೀಧರರು ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು. ಬದುವಿನ ಮೇಲೆ ನಿಂತು ನಾನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಭಾಷಣ ಸುರು ಮಾಡಿದೆ. ಅವರು ಎತ್ತು ನಿಲ್ಲಿಸಿ, ರುಮಾಲು ಬಿಚ್ಚಿ ಬೆವರೊರೆಸಿಕೊಂಡು, ಪೂರಾ ಕೇಳಿದರು.

"ಭಾಳ ಚಂದ ಮಾತಾಡ್ತೀರಿ ಸಾಹೇಬ್ರ. ನಿಮಗ ಹಾಕದ ಇನ್ಯಾರಿಗೆ ಹಾಕ್ಲಿ?"

"ನನಗಲ್ರಿ, ಇಕೀಗೆ" ಎಂದು ಹಿಂದಕ್ಕೆ ಕೈ ತೋರಿಸಿದೆ.

ಅವರು ಶಾರದೆಯನ್ನು ಆಗ ನೋಡಿದರು. ಅವಳು ಮುಂದೆ ಬಂದು ಲಕ್ಷ್ಮೀಬಾಯಿಯ ವಿಷಯ ಹೇಳಿದಳು, ನಾಲ್ಕೇ ಮಾತಿನಲ್ಲಿ. ಅವರು ಎತ್ತಿನ ಬೆನ್ನು ಸವರಿದರು.

"ನನ್ನ ಡಿಗ್ರಿ ಇದುವರೆಗೆ ಯಾರಿಗೂ ಬೇಕಾಗಿದ್ದಿಲ್ರಿ ಬಾಯೋರ. ಕೇಳಿ ಬಂದವ್ರು ನೀವ ಮೊದಲು" ಎಂದರು. ಆಮೇಲೆ ಮನೆಗೆ ಕರೆದೊಯ್ದು ಬೆಲ್ಲ, ಶೇಂಗಾ, ಮಜ್ಜಿಗೆ ಕೊಟ್ಟರು. ಹೊರಡುವಾಗ, ತಮ್ಮ ಜೊತೆ ಓದಿದ ಗೆಳೆಯರ ಊರುಗಳನ್ನೆಲ್ಲ ಹೇಳಿ, "ನಾನೂ ಹೋಗಿ ಹೇಳ್ತೀನಿ, ಅದೇನು ದೂರ" ಅಂದರು. ತಿರುಗಿ ಬರುವಾಗ ಗಾಳಿ ಬೆನ್ನಿಗಿತ್ತು. ನಾನು ಪೆಡಲ್ ತುಳಿಯದೆ ಹಾಡುತ್ತ ಬಂದೆ. ಹಿಂದೆ ಕೂತ ಭಾವಿ ಸೆನೆಟರ್, "ರೀ, ರಸ್ತೆ ನೋಡ್ರಿ" ಎಂದು ಎಚ್ಚರಿಸುತ್ತಿದ್ದರು.

ಮತ ಎಣಿಕೆಯ ಸುದ್ದಿ ತಾರಿನಲ್ಲಿ ಬಂತು. ಆ ಕಾಲದಲ್ಲಿ ತಾರು ಬಂತೆಂದರೆ ಮನೆಯಲ್ಲಿ ಯಾರೋ ಸತ್ತಿದ್ದಾರೆಂದೇ ಲೆಕ್ಕ. ಅಂಚೆಯವನು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ "ತಾರು" ಅಂದದ್ದೇ ತಡ, ಒಳಗಿಂದ ಅವ್ವ ಸೊಲ್ಲಾಪುರದಲ್ಲಿದ್ದ ತನ್ನ ತಂಗಿಯ ಹೆಸರು ಹಿಡಿದು ಅಳತೊಡಗಿದಳು. ನಾನು ತಾರನ್ನು ಬಿಚ್ಚದೆ ಹಿಡಿದು ನಿಂತೆ. ಪಕ್ಕದ ಔಷಧಿ ಅಂಗಡಿಯವರು ಕಸಿದುಕೊಂಡು ಓದಿ, ರಸ್ತೆಗೆ ಜಿಗಿದು ಕೂಗಿದರು: "ಗೆದ್ದಾರ! ಶಿವಶರಣಪ್ಪನೋರು ಸೆನೆಟರ್ ಆಗ್ಯಾರ!"

ಶಿವಶರಣಪ್ಪ ನನ್ನ ಹೆಸರು. ತಾರಿನಲ್ಲಿ ವಿಳಾಸಕ್ಕೆ ನನ್ನ ಹೆಸರಿತ್ತು, ಅವರು ಅದನ್ನೇ ಓದಿದ್ದರು. ತಿದ್ದಲು ನನಗೆ ಅವಕಾಶವೇ ಸಿಗಲಿಲ್ಲ. ಹೂವಿನ ಮಾಲೆ ಎಲ್ಲಿಂದ ಬಂತೋ, ಹಲಗೆ ಬಾರಿಸುವವರು ಎಲ್ಲಿಂದ ಬಂದರೋ! ಬಜಾರಿನ ಅರ್ಧ ಜನ ನನ್ನ ಗಾದಿಯ ಮುಂದೆ ನೆರೆದರು. ಒಬ್ಬರು ಪೇಡೆ ತುರುಕಿದರು, ಇನ್ನೊಬ್ಬರು ಹೆಗಲ ಮೇಲೆ ಎತ್ತಲು ನೋಡಿ ನನ್ನ ತೂಕ ಕಂಡು ಬಿಟ್ಟರು. ಶಾರದಾ ಶಾಲೆಯಿಂದ ಕೈಗೆ ಸೀಮೆಸುಣ್ಣ ಮೆತ್ತಿಕೊಂಡು ಬಂದಾಗ, ಕಿವಿಯ ತನಕ ಮಾಲೆ ಏರಿಸಿಕೊಂಡು ನಾನು ಅಂಗಡಿಯ ಮೆಟ್ಟಿಲಲ್ಲಿ ಕೈಮುಗಿದು ನಿಂತಿದ್ದೆ.

ತಾರನ್ನು ಅವಳ ಕೈಗೆ ಕೊಟ್ಟೆ. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಮಾಲೆ ತೆಗೆಯಲು ಹೋದೆ. "ಬ್ಯಾಡ್ರಿ, ಹಂಗೇ ಇರ್ಲಿ" ಅಂದಳು. "ಭಾಳ ಚಂದ ಕಾಣಾಕತ್ತೀರಿ."

ಕಾಗದದ ಮೇಲೆ ಅವಳ ಪದವಿ ‘ಸೆನೆಟ್ ಸದಸ್ಯೆ’. ಬಜಾರಿಗೆ ಅಷ್ಟುದ್ದ ಹೇಳುವ ಪುರಸೊತ್ತು ಎಲ್ಲಿ? ಸೆನೆಟರ್. ಅದೂ ಹೆಂಗಸಿಗೆ ಹೇಳಿ ರೂಢಿಯಿಲ್ಲದ್ದರಿಂದ ನನಗೇ ಅಂಟಿತು. "ನಮಸ್ಕಾರ ಸೆನೆಟರ್ ಸಾಹೇಬ್ರ, ಧೋತರ ಹ್ಯಾಂಗ ಕೊಟ್ರಿ?" ಎಂದು ಕೇಳಿದವರಿಗೆ ನಾನು ಧೋತರದ ದರ ಹೇಳದೆ, ವಿಷಯ ಸರಿಪಡಿಸುತ್ತ ಕೂತರೆ ವ್ಯಾಪಾರ ನಡೆಯಬೇಕಲ್ಲ! ಹಳ್ಳಿಯಿಂದ ಬಂದವರು ಶಾರದೆಯನ್ನು ತೋರಿಸಿ, "ಇವ್ರು ಸೆನೆಟರ್ ಸಾಹೇಬ್ರ ಮನಿಯವ್ರು" ಎಂದು ಗೌರವದಿಂದ ದಾರಿ ಬಿಡುತ್ತಿದ್ದರು.

ಎಲ್ಲಕ್ಕಿಂತ ಮಜಾ ಆದದ್ದು ಒಂದು ಭಾನುವಾರ. ಬಾಗಿಲು ತೆರೆದರೆ ಪಕ್ಕದ ಓಣಿಯ ಏಳೆಂಟು ಹೆಂಗಸರು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ.

"ಸೆನೆಟರ್ ಸಾಹೇಬರ ಮನೆ ಇದೇ ಏನ್ರಿ?"

"ಹೌದ್ರಿ" ಅಂದೆ, ಎದೆ ಉಬ್ಬಿಸಿ.

"ನಮ್ಮ ಮೋರಿ ಕಟ್ಟಿ ಎಷ್ಟು ದಿನಾ ಆತು, ಬಂದು ನೋಡ್ರಿ ಒಂದಿಷ್ಟು. ನೀರೆಲ್ಲ ಅಡಗಿಮನಿಗೆ ಬರಾಕತ್ತದ!"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಪುರಸಭೆಯಲ್ಲಿ ಮೋರಿ, ಕಸ ನೋಡಿಕೊಳ್ಳುವ ಸ್ಯಾನಿಟರಿ ಇನ್ಸ್‌ಪೆಕ್ಟರ್ ಒಬ್ಬರು ಇದ್ದರು. ಜನ ಅವರಿಗೆ ‘ಸ್ಯಾನಿಟರ್ ಸಾಹೇಬ’ ಅನ್ನುತ್ತಿದ್ದರು. ಈ ಹೆಂಗಸರು ಹೊಸ ಸಾಹೇಬರು ಬಂದಿದ್ದಾರೆಂದು ತಿಳಿದಿದ್ದರು. ನಾನು ಮೋರಿಗೂ ಸೆನೆಟ್ಟಿಗೂ ಇರುವ ವ್ಯತ್ಯಾಸ ವಿವರಿಸಲು ಬಾಯಿ ತೆರೆಯುವುದರೊಳಗೆ ಶಾರದಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಿದ್ದಳು.

"ನಡೀರಿ, ತೋರಸ್ರಿ."

"ಏ, ಇದು ನಿನ್ನ ಕೆಲಸಲ್ಲ" ಎಂದು ಮೆಲ್ಲಗೆ ಅಂದೆ.

"ಹೆಸರು ಕೇಳಿ ಬಂದಾರಲ್ರಿ, ಹ್ಯಾಂಗ ತಿರುಗಿ ಕಳಸಲಿ?"

ಮರುದಿನ ಅದೇ ಹೆಂಗಸರನ್ನು ಕಟ್ಟಿಕೊಂಡು ಪುರಸಭೆಗೆ ಹೋದಳು. ಅಲ್ಲಿಯ ಕಾರಕೂನರಿಗೆ ಸೆನೆಟರ್ ಎಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಭಯ ಹೆಚ್ಚಾಗಿ ಎದ್ದು ಕುರ್ಚಿ ಕೊಟ್ಟರು. ಸಂಜೆಯೊಳಗೆ ಮೋರಿ ಹರಿಯಿತು. ಆ ಓಣಿಯಲ್ಲಿ ಇಂದಿಗೂ ಸೆನೆಟರ್ ಅಂದರೆ ಮೋರಿ ತೆಗೆಸುವವರು ಎಂದೇ ಅರ್ಥ. ರೋಮಿನವರು ಏನಾದರೂ ಅಂದುಕೊಳ್ಳಲಿ.

ವಿಶ್ವವಿದ್ಯಾಲಯ ಇದ್ದದ್ದು ಗುಲಬರ್ಗಾಕ್ಕಿಂತ ಬಹಳ ಆಚೆ. ಸೆನೆಟ್ ಸಭೆಗೆ ಹೋಗಬೇಕೆಂದರೆ ಬಸ್ಸು, ರೈಲು, ಮತ್ತೆ ಇನ್ನೊಂದು ರೈಲು. ಹೆಂಗಸನ್ನು ಒಬ್ಬಳನ್ನೇ ಅಷ್ಟು ದೂರ ಹ್ಯಾಂಗೆ ಕಳಿಸುವುದು ಎಂಬ ನೆಪ ಹೇಳಿ ನಾನೂ ಹೊರಟೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂರಲು ನನಗೆ ಆಗುತ್ತಿರಲಿಲ್ಲ. ಅವಳು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಭಾಷಣ ಉರು ಹೊಡೆದಳು. ನಾನು ದಾರಿಯುದ್ದಕ್ಕೂ ಅವ್ವ ಕಟ್ಟಿದ್ದ ಬುತ್ತಿ ಮುಗಿಸಿದೆ.

ಸಭಾಭವನ ಎಷ್ಟು ದೊಡ್ಡದೆಂದರೆ ಬಾಗಿಲಲ್ಲೇ ನಾನು ಚಪ್ಪಲಿ ಬಿಚ್ಚಿಟ್ಟೆ. ಎಣ್ಣೆ ಹಚ್ಚಿದ ಮರದ ಬೆಂಚುಗಳು, ಎತ್ತರದ ಪೀಠದ ಮೇಲೆ ಕುಲಪತಿಗಳು, ಕೆಳಗೆ ಕೋಟು, ರುಮಾಲು, ಬೆಳ್ಳಿ ಕೂದಲು. ಮಾವನವರು ಹೇಳಿದ ಶಬ್ದದ ಬೇರು ನನಗೆ ಅಲ್ಲಿ ಕಣ್ಣಿಗೇ ಕಂಡಿತು. ಅಷ್ಟು ಜನರ ನಡುವೆ ಇಳಕಲ್ ಸೀರೆಯ ಶಾರದಾ ಒಬ್ಬಳೇ ಕಪ್ಪು ಕೂದಲಿನವಳು. ಬಾಗಿಲ ಜವಾನರು ಒಳ್ಳೆಯವರು. "ನೀವ ಯಾರ್ರಿ?" ಅಂದರು. "ಸೆನೆಟರ್ ಗಂಡ" ಅಂದೆ. ನಕ್ಕು, ಸದ್ದು ಮಾಡಬಾರದೆಂಬ ಶರತ್ತಿನ ಮೇಲೆ ಹಿಂದಿನ ಬೆಂಚಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು.

ಹುಮನಾಬಾದಿಗೆ ಪರೀಕ್ಷಾ ಕೇಂದ್ರ ಬೇಕೆಂಬ ಅವಳ ಠರಾವಿನ ಸರದಿ ಬಂದದ್ದು ಮಧ್ಯಾಹ್ನದ ಮೇಲೆ. ಎದ್ದು ನಿಂತಳು. ಇಂಗ್ಲಿಷಿನಲ್ಲಿ ಎರಡು ವಾಕ್ಯ ಸರಾಗ ಬಂದವು. ಮೂರನೆಯದು ಬರಲಿಲ್ಲ. ಕಾಗದ ಮಗುಚಿದಳು, ಮತ್ತೆ ಮಗುಚಿದಳು. ಯಾರೋ ಕೆಮ್ಮಿದರು. ಆಗ ಅವಳು ಕಾಗದ ಮಡಿಚಿ ಬೆಂಚಿನ ಮೇಲಿಟ್ಟು ತಲೆಯೆತ್ತಿದಳು.

"ಅಧ್ಯಕ್ಷರೇ, ಕನ್ನಡದಾಗ ಹೇಳಲೇನ್ರಿ?"

ಕುಲಪತಿಗಳು ಮುಗುಳ್ನಕ್ಕು, "ಅಗತ್ಯವಾಗಿ ಹೇಳಿ" ಅಂದರು.

ಆಮೇಲೆ ನೋಡಬೇಕಿತ್ತು ನೀವು! ಬೀದರಿನ ಕನ್ನಡ ಆ ಭವನದ ಮೂಲೆ ಮೂಲೆಗೆ ಹೋಯಿತು. ಹುಡಗಿ ಊರಿನ ಸೊಸೆ ಫೀಸು ತುಂಬಿದ್ದು, ಸೀರೆ ಮಡಿಚಿಟ್ಟದ್ದು, ಅತ್ತೆ ಬಾಗಿಲಲ್ಲಿ ಕೂತದ್ದು ಎಲ್ಲವನ್ನೂ ಹೇಳಿದಳು. ಮುಂದಿನ ಸಾಲಿನಿಂದ ಬಿಳಿ ರುಮಾಲಿನ ಹಿರಿಯ ಸದಸ್ಯರೊಬ್ಬರು ಎದ್ದರು.

"ತಾಯಿ, ನಿಮ್ಮ ಕಳಕಳಿ ದೊಡ್ಡದು. ಆದರೆ ಸಣ್ಣ ಊರಿನಲ್ಲಿ ಪ್ರಶ್ನೆಪತ್ರಿಕೆಗಳನ್ನು ಯಾರ ಜವಾಬ್ದಾರಿಯಲ್ಲಿ ಇಡುವುದು?"

"ಹುಮನಾಬಾದಾಗ ಸರಕಾರದ ಖಜಾನಿ ಅದರಿ. ಸರಕಾರದ ರೊಕ್ಕಾ ಅಲ್ಲಿ ಸುರಕ್ಷಿತ ಇರ್ತದಂದ್ರ ಪೇಪರ್ ಯಾಕ ಇರಂಗಿಲ್ಲ?"

ಒಂದಿಬ್ಬರು ಮೇಜು ಕುಟ್ಟಿದರು. ಹಿರಿಯರು ಬಿಡಲಿಲ್ಲ. "ಆ ಕಡೆಯಿಂದ ಪರೀಕ್ಷೆಗೆ ಬರುವ ಹೆಣ್ಣುಮಕ್ಕಳೇ ಬೆರಳೆಣಿಕೆ. ಬಂದವರಲ್ಲೂ ಗೈರುಹಾಜರಿ, ನಪಾಸು. ಅಷ್ಟಕ್ಕೆ ಒಂದು ಕೇಂದ್ರವೇ?"

ಶಾರದೆಯ ಮುಖ ಕೆಂಪಾಯಿತು. ಆದರೆ ಧ್ವನಿ ಏರಲಿಲ್ಲ.

"ಹಿರಿಯರು ತಪ್ಪು ತಿಳಕೋಬಾರದು. ನಮ್ಮ ಹುಡುಗಿ ಫೇಲಾಗಿಲ್ರಿ. ಅಕೀಗೆ ಪೇಪರ್ ನೋಡಾಕ ಸಿಕ್ಕಿಲ್ಲ."

ಬಿಳಿ ರುಮಾಲಿನವರು ಕೂತರು. ಕುಲಪತಿಗಳು ಠರಾವನ್ನು ಮತಕ್ಕೆ ಹಾಕಿ, ಒಪ್ಪುವವರು ಕೈ ಎತ್ತಬೇಕೆಂದರು. ಒಂದು ಕೈ ಎದ್ದಿತು, ಅಲ್ಲೊಂದು, ಇಲ್ಲೊಂದು, ಆಮೇಲೆ ಒಂದು ಸಾಲಿಗೆ ಸಾಲೇ. ಕೊನೆಗೆ ಬಿಳಿ ರುಮಾಲಿನವರ ಕೈಯೂ ನಿಧಾನವಾಗಿ ಮೇಲೆ ಹೋಯಿತು. ಆಗ ಪಕ್ಕದ ಜವಾನರು ನನ್ನ ತೋಳನ್ನು ಹಿಡಿದು ಕೆಳಗೆ ಜಗ್ಗಿದರು.

"ನಿಮ್ದು ಯಾಕ್ರೀ ಎತ್ತೀರಿ? ಇಳಸ್ರಿ!"

ನಾನು ಎತ್ತಿದ್ದು ಒಂದಲ್ಲ, ಎರಡೂ ಕೈ.

ಒಂದು ವರ್ಷದ ಮಟ್ಟಿಗೆ, ಪರೀಕ್ಷಾರ್ಥವಾಗಿ, ಹುಮನಾಬಾದಿಗೆ ಕೇಂದ್ರ ಮಂಜೂರಾಯಿತು. ಊರಿಗೆ ಬಂದರೆ ಬಸವಕಲ್ಯಾಣದವರು ನನ್ನನ್ನು ಬಿಡಲಿಲ್ಲ. "ನಮ್ಮೂರ ಸೊಸಿ, ಸೆಂಟರ್ ಮಾತ್ರ ತವರಿಗೆ!" ಎಂದು ಬಜಾರಿನಲ್ಲಿ ಅಡ್ಡಗಟ್ಟಿ ಕೇಳಿದರು. ಹೆದ್ದಾರಿ ಆ ಊರಿಗೆ ಹತ್ತಿರ, ಖಜಾನೆ ಅಲ್ಲಿ ದೊಡ್ಡದು ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಅವ್ವ ಕೂಡ ಎರಡು ದಿನ ಮುಖ ಊದಿಸಿಕೊಂಡಿದ್ದಳು. ನಾನು ಅಂಗಡಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಬಟ್ಟೆ ಬಿಚ್ಚುವ ಮೊದಲು, "ಓದೀರೇನ್ರಿ? ಎಲ್ಲೀತನಕ? ಪರೀಕ್ಷಾಕ್ಕ ಕೂಡ್ತೀರೇನು?" ಎಂದು ಕೇಳುವ ಚಟ ಹಚ್ಚಿಕೊಂಡೆ. ಕೆಲವರು ಬೇರೆ ಅಂಗಡಿಗೆ ಹೋದರು. ಕೆಲವರು ಪರೀಕ್ಷೆಗೆ ಹೆಸರು ಕೊಟ್ಟರು.

ಆ ಕೇಂದ್ರ ಮರುವರ್ಷವೂ ನಡೆಯಿತು, ಮುಂದೆ ನಮ್ಮೂರಿಗೂ ಒಂದು ಬಂತು. ಲಕ್ಷ್ಮೀಬಾಯಿ ಬಿ.ಎ. ಮುಗಿಸಿ, ಈಗ ಹುಮನಾಬಾದಿನಲ್ಲಿ ಟೀಚರ್. ಶಾರದೆಯ ಅವಧಿ ಮುಗಿದು, ಬೇರೆಯವರು ಸೆನೆಟ್ಟಿಗೆ ಹೋದರು. ಇದೆಲ್ಲ ಆಮೇಲಿನ ಮಾತು. ನಾನು ಹೇಳಬೇಕೆಂದದ್ದು ಪರೀಕ್ಷೆಯ ಆ ಮೊದಲ ದಿನದ್ದು.

ಹುಮನಾಬಾದಿನ ಹೈಸ್ಕೂಲಿನ ಅಂಗಳ. ಬೆಳಿಗ್ಗೆಯೇ ಟಾಂಗಾ, ಬಂಡಿ, ಬಸ್ಸಿನಿಂದ ಹೆಣ್ಣುಮಕ್ಕಳು ಬಂದಿಳಿಯುತ್ತಿದ್ದಾರೆ. ಮದುವೆಯಾದವರು, ಆಗದವರು, ಒಬ್ಬಳ ಜೊತೆ ಅಣ್ಣ, ಒಬ್ಬಳ ಜೊತೆ ಅಜ್ಜ. ಪೆನ್ನಿಗೆ ಶಾಯಿ ತುಂಬುವವರು, ಪುಸ್ತಕ ತಿರುವುವವರು, ದೇವರಿಗೆ ಕೈಮುಗಿಯುವವರು. ಶಾರದಾ ಗೇಟಿನಲ್ಲಿ ನಿಂತು ಹುಡಗಿ ಊರಿನ ರಸ್ತೆಯನ್ನೇ ನೋಡುತ್ತಿದ್ದಳು. ಮೊದಲ ಗಂಟೆಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಒಂದು ಬಂಡಿ ಬಂತು. ಹೊಡೆಯುತ್ತಿದ್ದವನು ಲಕ್ಷ್ಮೀಬಾಯಿಯ ಗಂಡ. ಮೊದಲು ಇಳಿದದ್ದು ಲಕ್ಷ್ಮೀಬಾಯಿ ಅಲ್ಲ. ಕಂಕುಳಲ್ಲಿ ಅವಳ ಕೂಸು, ಕೈಯಲ್ಲಿ ಬುತ್ತಿಗಂಟು ಹಿಡಿದ, ಗಟ್ಟಿಮುಟ್ಟಾದ ಒಬ್ಬ ಮುದುಕಿ.

"ಅತ್ತಿ" ಎಂದು ಲಕ್ಷ್ಮೀಬಾಯಿ ಶಾರದೆಯ ಕಿವಿಯಲ್ಲಿ ಉಸುರಿ ಒಳಗೆ ಓಡಿದಳು.

ನಾಗಮ್ಮ ಎಂದು ಆಕೆಯ ಹೆಸರು. ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಪರೀಕ್ಷೆಯ ಕೋಣೆಯ ಕಿಟಕಿಗೆ ಎದುರಾಗಿ ಕೂತಳು. ಇಲ್ಲಿಗೂ ಬಾಗಿಲು ಕಾಯಲೆಂದೇ ಬಂದಳೇ ಎಂದು ನನಗೆ ದಿಗಿಲಾಯಿತು. ಸ್ವಲ್ಪ ದೂರದಲ್ಲಿ ನಾನೂ ಕೂತೆ. ಗಂಟೆ ಹೊಡೆಯಿತು. ಒಳಗೆ ಎಲ್ಲ ತಲೆಗಳೂ ಒಟ್ಟಿಗೆ ಬಗ್ಗಿದವು. ನಾಗಮ್ಮ ಕತ್ತು ಚಾಚಿ ನೋಡಿದಳು.

"ಎಲ್ಲಾರೂ ಬರ್ಯಾಕತ್ತಾರ. ನಮ್ಮಾಕಿ ಯಾಕ ಸುಮ್ನ ಕುಂತಾಳ?"

"ಪ್ರಶ್ನಿ ಓದಾಕತ್ತಾಳ್ರೀ ಅವ್ವಾ" ಅಂದೆ.

"ಓದಿ ಮುಗಸೂದ್ರಾಗ ಉಳಿದವ್ರು ಬರದು ಮುಗಸ್ತಾರ!" ಎಂದು ಚಡಪಡಿಸಿದಳು. ಸ್ವಲ್ಪ ಹೊತ್ತಿಗೆ ಸೊಸೆಯ ಕೈ ಓಡತೊಡಗಿತು. ನಾಗಮ್ಮ ಉಸಿರು ಬಿಟ್ಟಳು. ಕೂಸು ಅಳಲು ಸುರು ಮಾಡಿದಾಗ ನನ್ನ ಮಡಿಲಿಗೆ ತುರುಕಿ, "ಸದ್ದು ಒಳಗ ಹೋಗಬಾರದು, ಆ ಕಡಿ ತಗೊಂಡು ಹೋಗ್ರಿ" ಎಂದು ಅಪ್ಪಣೆ ಮಾಡಿದಳು. ನಾನು ಕೂಸನ್ನು ಎತ್ತಿಕೊಂಡು ಅಂಗಳ ಸುತ್ತಿದೆ. ಅದು ನನ್ನ ಹೊಸ ಅಂಗಿಯನ್ನು ತೋಯಿಸಿತು. ಗೇಟಿನ ಹೊರಗೆ ಯಾರೋ ಬಂಡಿಯವನು ಹಾಡಿಕೊಂಡು ಹೋದಾಗ ನಾಗಮ್ಮ ಓಡಿಹೋಗಿ, "ಬಾಯಿ ಮುಚ್ಚೋ, ಒಳಗ ಪರೀಕ್ಷಾ ನಡದದ!" ಎಂದು ಗದರಿಸಿ ಬಂದಳು.

ಕೊನೆಯ ಗಂಟೆ ಹೊಡೆಯಿತು. ಹುಡುಗಿಯರು ದೊಡ್ಡ ಗದ್ದಲ ಮಾಡುತ್ತ ಹೊರಗೆ ಬಂದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ಲಕ್ಷ್ಮೀಬಾಯಿಯ ಬೆರಳಿಗೆಲ್ಲ ಶಾಯಿ. ನಾಗಮ್ಮ ದಾರಿಗೆ ಅಡ್ಡ ನಿಂತಳು.

"ಎಲ್ಲಾ ಬರದಿ?"

"ಬರದೇನ್ರಿ. ಒಂದು ಉಳೀತು. ಗೊತ್ತಿತ್ತು, ಟೈಮ್ ಸಾಲಲಿಲ್ಲ."

ನಾಗಮ್ಮ ಗರಕ್ಕನೆ ತಿರುಗಿದಳು. ಶಾರದಾ ಅಲ್ಲೇ ನಿಂತಿದ್ದಳು. ಆ ಮುದುಕಿ ಅವಳ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಅಂಗಳಕ್ಕೆಲ್ಲ ಕೇಳುವಂತೆ ಕೇಳಿದಳು:

"ನೀವ ಅಲ್ಲೇನ್ರಿ ಸೆನೆಟರ್? ಇಷ್ಟೆಲ್ಲಾ ಮಾಡಿದವ್ರಿಗೆ ಇನ್ನೊಂದು ಅರ್ಧಾ ತಾಸು ಕೊಡಸಾಕ ಆಗಲಿಲ್ಲೇನು? ಗೊತ್ತಿದ್ದದ್ದು ಬಿಟ್ಟು ಬಂದಾಳ ನನ್ನ ಸೊಸಿ!"

ಹುಡುಗಿಯರೆಲ್ಲ ಇತ್ತ ತಿರುಗಿದರು. ಒದ್ದೆ ಅಂಗಿಯಲ್ಲಿ, ಕೂಸನ್ನು ಹಿಡಿದುಕೊಂಡು ನಾನು ನೋಡುತ್ತಿದ್ದೆ. ಶಾರದಾ ಈ ಸಲ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಸೆರಗು ಸರಿಮಾಡಿಕೊಂಡು, ದೊಡ್ಡವರ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

"ಹೌದ್ರೀ ಅವ್ವಾ, ನಾನ ಸೆನೆಟರ್" ಅಂದಳು. "ಮುಂದಿನ ಸಭಾದಾಗ ಕೇಳ್ತೀನಿ."